ಮೀನಿನ ಅಣ್ಣನ 10 ವ್ಯಾಟ್, ನಮ್ಮ ಹುಡುಗನ 1000 ವ್ಯಾಟ್

ದಾಂಡೇಲಿಯಲ್ಲಿ ನಮ್ಮ ಮನೆ ಇರೋ ಓಣಿಗೆ ಬೆಳಗ್ಗೆ ಎಂಟರ ಸುಮಾರಿಗೆ ಮೀನಿನ ಅಣ್ಣ ಬರ್ತಾರೆ. ಹಳೇ ಬೈಕು, ಹಿಂದೆ ಐಸ್ ಹಾಕಿದ ಬಾಕ್ಸು, ಹ್ಯಾಂಡಲ್ ಮುಂದೆ ಕಹಳೆ ಥರದ ಒಂದು ಹಾರ್ನ್ ಸ್ಪೀಕರ್. "ಬಂಗಡೆ, ತಾರ್ಲೆ, ಸಿಗಡಿ" ಅಂತ ಅವರದೇ ದನಿ ಪೆನ್‌ಡ್ರೈವ್‌ನಿಂದ ಬರ್ತಾ ಇರುತ್ತೆ. ಅವರು ಇನ್ನೂ ಎರಡು ಓಣಿ ಆಚೆ ಇರುವಾಗಲೇ ನಮ್ಮಮ್ಮ ಪಾತ್ರೆ ಹಿಡಿದು ಗೇಟ್ ಹತ್ರ ನಿಂತಾಗಿರುತ್ತೆ. ಅವರ ಆಂಪ್ಲಿಫೈಯರ್ ಎಷ್ಟು ದೊಡ್ಡದು ಅಂತ ಒಂದಿನ ಬಗ್ಗಿ ನೋಡಿದೆ. ಊಟದ ಡಬ್ಬಿಗಿಂತ ಸಣ್ಣದು.

ನನ್ನ ಫ್ರೆಂಡ್ ಒಬ್ಬ ಇದ್ದಾನೆ. ಹಳಿಯಾಳದಲ್ಲಿ ರೂಮ್ ಮಾಡಿದ್ದಾನೆ, ಹೆಸರು ಬರೆದ್ರೆ ಹೊಡೀತಾನೆ, ಹಾಗಾಗಿ ಬರೆಯಲ್ಲ. ಅವನ ಬೈಕಲ್ಲಿ ನಾಲ್ಕು ಸ್ಪೀಕರ್, ಸೀಟ್ ಕೆಳಗೆ ಒಂದು ಆಂಪ್. ಅದರ ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ 1000 ವ್ಯಾಟ್ ಅಂತ ಇದೆ. ಅವನು ಕಾಲೇಜ್ ಗೇಟಿಂದ ಹಾಡು ಹಾಕ್ಕೊಂಡು ಬಂದ್ರೆ ಕ್ಯಾಂಟೀನ್ ಹತ್ರ ಬರೋವರೆಗೂ ಯಾವ ಹಾಡು ಅಂತ ಗೊತ್ತಾಗಲ್ಲ. ಬರೀ ಕರಕರ.

ಈ ಎರಡು ಬೈಕ್‌ಗಳ ನಡುವಿನ ವ್ಯತ್ಯಾಸ ಏನು ಅನ್ನೋದೇ ನನ್ನ ವಿಷಯ. ಯಾಕಂದ್ರೆ ಈ ಸೆಮ್‌ನಲ್ಲಿ ನಮ್ಮ ಬ್ಯಾಚಿನ ಹುಡುಗರು ಒಬ್ಬರನ್ನು ನೋಡಿ ಒಬ್ಬರು ಬೈಕಿಗೆ ಆಡಿಯೋ ಹಾಕಿಸ್ತಾ ಇದ್ದಾರೆ, ಮತ್ತೆ ಎಲ್ಲರೂ ಮೊದಲು ಕೇಳೋ ಪ್ರಶ್ನೆ "ಎಷ್ಟು ವ್ಯಾಟ್?" ಅಂತ. ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ನಿಮ್ಮ ಬೈಕ್ ಎಷ್ಟು ಕರೆಂಟ್ ಕೊಡಬಲ್ಲದು ನೋಡಿ. ಆಮೇಲೆ ಸ್ಪೀಕರ್ ಆರಿಸಿ. ಆ ಸ್ಪೀಕರಿಗೆ ತಕ್ಕ ಆಂಪ್ ಕೊನೆಗೆ ತಗೊಳ್ಳಿ. ನಮ್ಮ ಹುಡುಗ ಇದನ್ನ ಪೂರ್ತಿ ಉಲ್ಟಾ ಮಾಡಿದ. ಅದರ ಕಥೆ ಜೋಯಿಡಾ ರಸ್ತೆಯಲ್ಲಿ ಮುಗೀತು, ಅದನ್ನೂ ಹೇಳ್ತೀನಿ.

(ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. "ಇಂಪಿಡೆನ್ಸ್"ಗೆ ಕನ್ನಡದಲ್ಲಿ ಏನಂತಾರೆ ಅಂತ ಕೇಳಿದ್ದಕ್ಕೆ ನಮ್ಮ ಕನ್ನಡ ಸಂಘದ ಅಕ್ಕ "ಇಂಪಿಡೆನ್ಸ್ ಅಂತಾನೇ ಬರಿ, ಎಲ್ಲರಿಗೂ ತಿಳಿಯುತ್ತೆ" ಅಂದ್ರು. ಬದುಕಿದೆ.)

ಮೊದಲು ಆ 1000ದ ವಿಚಾರ ಮುಗಿಸೋಣ. ಡಬ್ಬದ ಮೇಲೆ ಏನು ಬೇಕಾದ್ರೂ ಬರೀಬಹುದು, ಪಿಎಂಪಿಒ ಅಂತ ಒಂದು ಹೆಸರಿಟ್ಟು ಹತ್ತರ ಜಾಗದಲ್ಲಿ ನೂರು ಬರೆಯೋದು ನಮ್ಮಪ್ಪನ ಕಾಲದ ಟೇಪ್‌ರೆಕಾರ್ಡರ್‌ನಿಂದ ಬಂದ ಅಭ್ಯಾಸ. ಆದ್ರೆ ಆಂಪ್‌ನ ವೈರಲ್ಲಿರೋ ಫ್ಯೂಸ್ ಸುಳ್ಳು ಹೇಳಕ್ಕಾಗಲ್ಲ. ನಮ್ಮ ಹುಡುಗನ ಆಂಪ್‌ನಲ್ಲಿ ಇದ್ದದ್ದು 10 ಆಂಪಿಯರ್ ಫ್ಯೂಸ್. ಇಂಜಿನ್ ಓಡ್ತಾ ಇರುವಾಗ ಬೈಕಿನ ವೋಲ್ಟೇಜ್ ಸುಮಾರು 14. ಅಂದ್ರೆ ಒಳಗೆ ಹೋಗೋದೇ 140 ವ್ಯಾಟ್. ಒಳಗಿರೋದು ಕ್ಲಾಸ್ ಎಬಿ ಐಸಿ, ಅರ್ಧಕ್ಕೆ ಹತ್ರ ಹತ್ರ ಬಿಸಿಯಾಗಿ ಹೋಗುತ್ತೆ. ಹೊರಗೆ ಬರೋದು ಹೆಚ್ಚಂದ್ರೆ 80. ಉಳಿದ 920 ವ್ಯಾಟ್ ಸ್ಟಿಕ್ಕರಿನಲ್ಲಿ ಮಾತ್ರ ಇದೆ.

ಇನ್ನೊಂದು ಲೆಕ್ಕ ಇನ್ನೂ ಸುಲಭ, ಫಸ್ಟ್ ಇಯರ್‌ನವರೂ ಮಾಡಬಹುದು. ಒಳಗೆ ವೋಲ್ಟೇಜ್ ಏರಿಸೋ ಸರ್ಕ್ಯೂಟ್ ಇಲ್ಲದ ಸಾದಾ ಆಂಪ್‌ಗೆ 14 ವೋಲ್ಟ್ ಸಪ್ಲೈ ಕೊಟ್ರೆ, ಬ್ರಿಜ್ ಮಾಡಿದ್ರೂ ಔಟ್‌ಪುಟ್‌ನ ಪೀಕ್ 14 ದಾಟಲ್ಲ. ಆರ್‌ಎಂಎಸ್ ಅಂದ್ರೆ 9.9. ವಿ ಸ್ಕ್ವೇರ್ ಬೈ ಆರ್ ಹಾಕಿ: 4 ಓಮ್ ಸ್ಪೀಕರಿಗೆ ಸುಮಾರು 24 ವ್ಯಾಟ್, 8 ಓಮಿಗೆ 12. ಇದು ಕೂಡ ಐಡಿಯಲ್ ಲೆಕ್ಕ, ನಿಜವಾಗಿ ಇನ್ನೂ ಕಮ್ಮಿ. ಮೇಲಿಂದ ದೇವರೇ ಇಳಿದು ಬಂದ್ರೂ ಆ ಐಸಿಯಿಂದ 4 ಓಮಿಗೆ 50 ವ್ಯಾಟ್ ಬರಲ್ಲ. ಕಾರಿನ ದೊಡ್ಡ ಆಂಪ್‌ಗಳಲ್ಲಿ ವೋಲ್ಟೇಜ್ ಏರಿಸೋ ಸರ್ಕ್ಯೂಟ್ ಇರುತ್ತೆ, ಅದಕ್ಕೆ ಅವು ಜಾಸ್ತಿ ಕೊಡ್ತವೆ. ಆದ್ರೆ ಆ ಕರೆಂಟನ್ನ ಕಾರಿನ ಆಲ್ಟರ್ನೇಟರ್ ಕೊಡುತ್ತೆ, ನಿಮ್ಮ 125 ಸಿಸಿ ಬೈಕ್ ಎಲ್ಲಿಂದ ತರುತ್ತೆ?

ಈಗ ಮೀನಿನ ಅಣ್ಣನ ಗುಟ್ಟು. ಸ್ಪೀಕರ್ ಸೆನ್ಸಿಟಿವಿಟಿ ಅಂತ ಒಂದು ನಂಬರ್ ಇರುತ್ತೆ: 1 ವ್ಯಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದ್ರೆ ಎಷ್ಟು ಡೆಸಿಬೆಲ್ ಅಂತ. ಬೈಕಿಗೆ ಹಾಕೋ ನಾಲ್ಕಿಂಚಿನ ಸ್ಪೀಕರ್‌ಗಳದ್ದು ಸಾಮಾನ್ಯವಾಗಿ 88ರ ಆಸುಪಾಸು. ಅಣ್ಣನ ಹಾರ್ನ್‌ನಂಥವು 105ರಿಂದ 110. 108 ಅಂತ ಇಟ್ಕೊಳ್ಳಿ. ವ್ಯತ್ಯಾಸ 20 ಡೆಸಿಬೆಲ್. ಡೆಸಿಬೆಲ್ ಲಾಗರಿದಮ್ ಅನ್ನೋದು ನೆನಪಿದ್ರೆ, 20 ಡೆಸಿಬೆಲ್ ಅಂದ್ರೆ ನೂರು ಪಟ್ಟು ಪವರ್. ಅಣ್ಣ 10 ವ್ಯಾಟ್ ಕೊಟ್ರೆ 118 ಡೆಸಿಬೆಲ್. ನಮ್ಮ ಹುಡುಗನ ಒಂದು ಸ್ಪೀಕರಿಗೆ 24 ವ್ಯಾಟ್ ಕೊಟ್ರೆ 102. ಅದೇ ಸ್ಪೀಕರಲ್ಲಿ ಅಣ್ಣನ 118 ಮುಟ್ಟಬೇಕಾದ್ರೆ ಎಷ್ಟು ವ್ಯಾಟ್ ಬೇಕು ಗೊತ್ತಾ? ಸರಿಯಾಗಿ 1000. ಆ ಡಬ್ಬದ ಮೇಲಿನ ನಂಬರ್ ಕೊನೆಗೂ ಒಂದು ಕಡೆ ಉಪಯೋಗಕ್ಕೆ ಬಂತು. ಅಷ್ಟು ಕೊಟ್ರೆ ಆ ಸ್ಪೀಕರಿನ ವಾಯ್ಸ್ ಕಾಯಿಲ್ ಸುಟ್ಟು ಹೋಗುತ್ತೆ ಅನ್ನೋದು ಬೇರೆ ಮಾತು.

ನ್ಯಾಯವಾಗಿ ಹೇಳಬೇಕಂದ್ರೆ, ಹಾರ್ನ್‌ನಲ್ಲಿ ಬೇಸ್ ಇಲ್ಲ. ಅದು ಮಾತಿಗಷ್ಟೇ. ತಾರ್ಲೆ ಮಾರಲಿಕ್ಕೆ ಬೇಸ್ ಬೇಕಾಗಿಲ್ಲ. ಯಾರೂ ಬೈಕಿಗೆ ಹಾರ್ನ್ ಹಾಕಿಸಿ ಹಾಡು ಕೇಳಿ ಅಂತ ನಾನು ಹೇಳ್ತಾ ಇಲ್ಲ. ಆದ್ರೆ ಅಂಗಡಿಯಲ್ಲಿ ಎರಡು ನಾಲ್ಕಿಂಚಿನ ಸ್ಪೀಕರ್ ಇದ್ದು, ಒಂದರ ಸೆನ್ಸಿಟಿವಿಟಿ 87, ಇನ್ನೊಂದರದ್ದು 92 ಅಂತಿದ್ರೆ, ಎರಡನೇದು ತಗೊಂಡ್ರೆ ಆಂಪನ್ನ ಮೂರು ಪಟ್ಟು ದೊಡ್ಡದು ಮಾಡಿದ ಲಾಭ ಪುಕ್ಕಟೆ ಸಿಗುತ್ತೆ. ಡಬ್ಬ ತಿರುಗಿಸಿ ಆ ನಂಬರ್ ಓದಿದವರನ್ನ ನಾನು ಇಲ್ಲಿವರೆಗೆ ನೋಡಿಲ್ಲ.

ನನ್ನ ರೂಮ್‌ಮೇಟ್ ಮುಂಡಗೋಡದವನು. ಅಲ್ಲಿ 1966ರಿಂದ ಟಿಬೆಟನ್ ಕಾಲೊನಿ ಇದೆ, ಗಾಂಡೆನ್, ಡ್ರೆಪುಂಗ್ ಅನ್ನೋ ದೊಡ್ಡ ಮಠಗಳಿವೆ. ಪೂಜೆಯ ಸಮಯದಲ್ಲಿ ಸನ್ಯಾಸಿಗಳು ಆಳೆತ್ತರಕ್ಕಿಂತ ಉದ್ದ ಇರೋ ಕಹಳೆ ಊದ್ತಾರೆ. ಅವನು ಅದನ್ನ ಚಿಕ್ಕವನಿದ್ದಾಗಿಂದ ಕೇಳ್ತಾ ಬೆಳೆದವನು. ನಾನು ಈ ಹಾರ್ನ್ ಲೆಕ್ಕ ಹೇಳಿದಾಗ "ಅದಕ್ಕೆ ಯಾವ ಆಂಪ್ ಇದೆ? ಒಬ್ಬ ಮನುಷ್ಯನ ಉಸಿರು ಅಷ್ಟೇ" ಅಂದ. ನಿಜ. ತುಟಿಯ ಸಣ್ಣ ಕಂಪನವನ್ನ ಹೊರಗಿನ ಅಷ್ಟು ದೊಡ್ಡ ಗಾಳಿಗೆ ದಾಟಿಸೋ ಕೆಲಸ ಕಹಳೆಯ ಆಕಾರ ಮಾಡುತ್ತೆ. ನಾವು ಪುಸ್ತಕದಲ್ಲಿ ಓದೋ ಇಂಪಿಡೆನ್ಸ್ ಮ್ಯಾಚಿಂಗ್ ನಿಜವಾಗಿ ನಡೆಯೋದು ಅಲ್ಲಿ, ಡಯಾಫ್ರಮ್‌ಗೂ ಗಾಳಿಗೂ ನಡುವೆ.

ಆಂಪ್‌ಗೂ ಸ್ಪೀಕರಿಗೂ ನಡುವೆ ಅದು ನಡೆಯಲ್ಲ. ಇಲ್ಲಿ ನಾವೆಲ್ಲ ಎಡವುತ್ತೀವಿ. "ಮ್ಯಾಚಿಂಗ್" ಅಂದ ತಕ್ಷಣ ಮ್ಯಾಕ್ಸಿಮಮ್ ಪವರ್ ಟ್ರಾನ್ಸ್‌ಫರ್ ಥಿಯರಂ ನೆನಪಾಗುತ್ತೆ, ಸೋರ್ಸ್ ರೆಸಿಸ್ಟೆನ್ಸ್ ಈಕ್ವಲ್ಸ್ ಲೋಡ್ ರೆಸಿಸ್ಟೆನ್ಸ್ ಅಂತ ವೈವಾದಲ್ಲಿ ಹೇಳಿ ಮಾರ್ಕ್ಸ್ ತಗೊಂಡಿರ್ತೀವಿ. ನಾನೂ ಹಾಗೇ ಅಂದ್ಕೊಂಡಿದ್ದೆ. ಆದ್ರೆ ಆಡಿಯೋ ಆಂಪ್‌ನ ಔಟ್‌ಪುಟ್ ರೆಸಿಸ್ಟೆನ್ಸ್ ಬೇಕಂತಲೇ ಸೊನ್ನೆಗೆ ಹತ್ತಿರ ಇಟ್ಟಿರ್ತಾರೆ. ಅದಕ್ಕೆ "ಮ್ಯಾಚ್" ಆಗೋ ಸ್ಪೀಕರ್ ಹುಡುಕಿದ್ರೆ ಶಾರ್ಟ್ ಸರ್ಕ್ಯೂಟ್ ಸಿಗುತ್ತೆ. ಆಂಪ್ ಮೇಲೆ "4 ಓಮ್" ಅಂತ ಬರೆದಿದ್ರೆ ಅದರ ಅರ್ಥ ಇಷ್ಟೇ: ನಾನು 4 ಓಮಿನವರೆಗೆ ಕರೆಂಟ್ ಕೊಡಬಲ್ಲೆ, ಅದಕ್ಕಿಂತ ಕೆಳಗೆ ಇಳಿಸಿದ್ರೆ ನನ್ನನ್ನು ಬೈಬೇಡಿ. 8 ಓಮ್ ಹಾಕಿದ್ರೆ ಏನೂ ಆಗಲ್ಲ, ಪವರ್ ಅರ್ಧ ಆಗುತ್ತೆ, 3 ಡೆಸಿಬೆಲ್ ಕಮ್ಮಿ ಕೇಳುತ್ತೆ, ಅಷ್ಟೇ.

ನಮ್ಮ ಹುಡುಗ ಒಂದು ಚಾನಲಿಗೆ ಎರಡು 4 ಓಮ್ ಸ್ಪೀಕರನ್ನ ಪ್ಯಾರಲಲ್ ಹಚ್ಚಿದ್ದ. 2 ಓಮ್. ಕರೆಂಟ್ ಡಬಲ್. ಹತ್ತು ನಿಮಿಷಕ್ಕೊಮ್ಮೆ ಆಂಪ್ ಬಿಸಿಯಾಗಿ ತಾನೇ ಬಂದ್ ಆಗ್ತಿತ್ತು, ಅವನು "ಲೂಸ್ ಕಾಂಟ್ಯಾಕ್ಟ್" ಅಂತ ಸೀಟಿಗೆ ಗುದ್ದುತ್ತಿದ್ದ.

ಇದು ಅವನ ಎರಡನೇ ಆಂಪ್. ಹುಬ್ಬಳ್ಳಿಯಿಂದ ತಂದ ಮೊದಲನೇದು ಐದು ಸೆಕೆಂಡ್ ಬದುಕಿತ್ತು. ವೈರಿಂಗ್ ಮಾಡಿದವರು ವೈರ್ ಉಳಿಸಲಿಕ್ಕೆ ಸ್ಪೀಕರ್‌ಗಳ ಮೈನಸ್ಸನ್ನೆಲ್ಲ ಬೈಕಿನ ಬಾಡಿಗೆ ಕೊಟ್ಟಿದ್ರು, ಹೆಡ್‌ಲೈಟಿಗೆ ಕೊಟ್ಟ ಹಾಗೆ. ಬ್ರಿಜ್ ಆಂಪ್‌ನಲ್ಲಿ ಸ್ಪೀಕರಿನ ಮೈನಸ್ ಅಂದ್ರೆ ಗ್ರೌಂಡ್ ಅಲ್ಲ. ಪ್ಲಸ್, ಮೈನಸ್ ಎರಡೂ ಸಪ್ಲೈಯ ಅರ್ಧ ವೋಲ್ಟೇಜಲ್ಲಿ, ಅಂದ್ರೆ 6-7 ವೋಲ್ಟಲ್ಲಿ ಕೂತಿರ್ತವೆ. ಅದನ್ನ ಬಾಡಿಗೆ ಮುಟ್ಟಿಸಿದ್ರೆ ಮುಗೀತು. ಈ ಒಂದು ಮಾತಿಗಾಗಿ ನೀವು ಈ ಲೇಖನ ಇಲ್ಲಿವರೆಗೆ ಓದಿದ್ರೂ ನಿಮ್ಮ ಎರಡು ಸಾವಿರ ಉಳೀತು ಅಂತ ತಿಳ್ಕೊಳ್ಳಿ: ಪ್ರತಿ ಸ್ಪೀಕರಿಗೂ ಆಂಪ್‌ನಿಂದ ಎರಡೆರಡು ವೈರ್ ಬೇರೆ ಎಳೀರಿ.

ಇನ್ನು ಆ ಕರಕರ. "ಸಣ್ಣ ಆಂಪ್ ಹಾಕಿದ್ರೆ ಸ್ಪೀಕರ್ ಸುಡುತ್ತೆ" ಅಂತ ಎಲ್ಲರೂ ಹೇಳ್ತಾರೆ. ಅರ್ಧ ನಿಜ. ಸಣ್ಣ ಆಂಪ್ ಏನೂ ಸುಡಲ್ಲ. ಸಾಲಲ್ಲ ಅಂತ ನಾವು ವಾಲ್ಯೂಮ್ ಕೊನೆವರೆಗೆ ತಿರುಗಿಸ್ತೀವಲ್ಲ, ಆಗ ವೇವ್‌ನ ತಲೆ ಚಪ್ಪಟೆಯಾಗುತ್ತೆ. ಅದೇ ಕ್ಲಿಪ್ಪಿಂಗ್. ಸರಾಸರಿ ಪವರ್ ಏರುತ್ತೆ, ಹೈ ಫ್ರೀಕ್ವೆನ್ಸಿ ತುಂಬಿಕೊಳ್ಳುತ್ತೆ, ಮೊದಲು ಟ್ವೀಟರ್ ಹೋಗುತ್ತೆ. ಹಾಗಾಗಿ ಆಂಪ್‌ನ ನಿಜವಾದ ಆರ್‌ಎಂಎಸ್ ಸ್ಪೀಕರಿನ ಆರ್‌ಎಂಎಸ್‌ಗೆ ಹತ್ತಿರ ಇದ್ರೆ ಸಾಕು, ಕರಕರ ಶುರುವಾಗೋ ಜಾಗದಿಂದ ಸ್ವಲ್ಪ ಹಿಂದೆ ವಾಲ್ಯೂಮ್ ನಿಲ್ಲಿಸಿದ್ರೆ ಇನ್ನೂ ಸಾಕು.

ಈಗ ಜೋಯಿಡಾ ಕಥೆ.

ಹೋದ ಡಿಸೆಂಬರ್, ಭಾನುವಾರ. ನಾವು ನಾಲ್ಕು ಜನ, ಎರಡು ಬೈಕು. ಹಳಿಯಾಳದಿಂದ ದಾಂಡೇಲಿ, ಗಣೇಶಗುಡಿಯಲ್ಲಿ ಸೂಪಾ ಡ್ಯಾಮ್ ನೋಡಿಕೊಂಡು ಜೋಯಿಡಾ ದಾಟಿ ಕುಂಬಾರವಾಡಾ ಕಡೆ. ವಾಪಸ್ ಬರುವಾಗ ರಸ್ತೆ ಪಕ್ಕ ನಿಲ್ಲಿಸಿ ಮಂಡಕ್ಕಿ ತಿಂದ್ವಿ, ಫೋಟೋ ತೆಗೆದ್ವಿ. ಮುಕ್ಕಾಲು ಗಂಟೆ ಇಂಜಿನ್ ಬಂದ್, ಕೀ ಆನ್, ಹಾಡು ಫುಲ್. ಐದೂವರೆಗೆ ಹೊರಡೋಣ ಅಂತ ಸೆಲ್ಫ್ ಒತ್ತಿದ್ರೆ ಟಕ್ ಅಂತ ಒಂದು ಸದ್ದು, ಅಷ್ಟೇ.

ಬಿಎಸ್6 ಬೈಕು, ಕಿಕ್ಕರ್ ಇಲ್ಲ. ತಳ್ಳಿದ್ವಿ. ಹಳೇ ಕಾರ್ಬೊರೇಟರ್ ಬೈಕಾಗಿದ್ರೆ ಹತ್ತುತ್ತಿತ್ತೇನೋ. 2020ರ ಏಪ್ರಿಲ್‌ನಿಂದ ಬಿಎಸ್6 ಕಡ್ಡಾಯ ಆದಮೇಲೆ ಹೆಚ್ಚಿನ ಬೈಕೆಲ್ಲ ಫ್ಯೂಯಲ್ ಇಂಜೆಕ್ಷನ್, ಪೆಟ್ರೋಲ್ ಪಂಪ್ ತಿರುಗಲಿಕ್ಕೇ ಬ್ಯಾಟರಿ ಬೇಕು. ಬ್ಯಾಟರಿ ಇದ್ದದ್ದು 5 ಆಂಪಿಯರ್-ಅವರ್. ಆ ಆಂಪ್ ಜೋರಾಗಿ ಹಾಡಿದ್ರೆ 4 ಆಂಪಿಯರ್ ಎಳೆಯುತ್ತೆ. ಮುಕ್ಕಾಲು ಗಂಟೆಗೆ 3. ಉಳಿದದ್ದರಲ್ಲಿ ಸ್ಟಾರ್ಟರ್ ಮೋಟರ್ ತಿರುಗಲ್ಲ. ಈ ಲೆಕ್ಕ ನಾನು ಅಲ್ಲೇ ನಿಂತು ಮನಸ್ಸಲ್ಲಿ ಮಾಡಿದೆ, ಏನು ಪ್ರಯೋಜನ? ಮೊಬೈಲಲ್ಲಿ ಒಂದು ಕಡ್ಡಿ ಸಿಗ್ನಲ್ ಇಲ್ಲ. ಎರಡೂ ಕಡೆ ಕಾಡು. ಡಿಸೆಂಬರಲ್ಲಿ ಆರು ಗಂಟೆಗೆ ಕತ್ತಲು. ಒಂದು ಬೈಕಲ್ಲಿ ನಾಲ್ಕು ಜನ ಹೋಗೋ ಹಾಗಿಲ್ಲ, ಇಬ್ಬರನ್ನ ಅಲ್ಲಿ ಬಿಟ್ಟು ಹೋಗೋದಾ ಅಂತ ಮಾತು ಬಂದಾಗ ಯಾರೂ ಯಾರ ಮುಖನೂ ನೋಡ್ಲಿಲ್ಲ.

ಆಗ ಬಂದದ್ದು ಒಬ್ಬ ಮೀನಿನ ಅಣ್ಣ. ನಮ್ಮ ಓಣಿಯವರಲ್ಲ, ಬೇರೆಯವರು, ಆದ್ರೆ ಅದೇ ಥರದ ಬೈಕು, ಅದೇ ಥರದ ಹಾರ್ನು, ಬಾಕ್ಸ್ ಖಾಲಿ. ನಿಲ್ಲಿಸಿ ಕೇಳಿದ್ರು. ಹೇಳಿದ್ವಿ. ಸ್ಪೀಕರ್‌ಗಳನ್ನ ಒಂದ್ಸಲ ನೋಡಿ ನಕ್ಕರು. "ಏ ತಮ್ಮಾ, ಬ್ಯಾಟ್ರಿ ಗಾಡೀದು, ಹಾಡು ನಿಂದು. ಎಲ್ಡೂ ಒಂದ್ರಾಗ ಹೆಂಗ ನಡೀತೈತಿ?"

ಅವರ ಆಂಪ್ ಬೈಕಿನ ಬ್ಯಾಟರಿಗೆ ಹಚ್ಚಿರಲೇ ಇಲ್ಲ. ಸೈಡ್ ಬಾಕ್ಸಲ್ಲಿ ಬೇರೆ ಒಂದು 12 ವೋಲ್ಟಿನ ಬ್ಯಾಟರಿ, ರಾತ್ರಿ ಮನೆಯಲ್ಲಿ ಚಾರ್ಜಿಗೆ ಹಾಕ್ತಾರೆ. ಅದನ್ನ ತೆಗೆದು ಮೊದಲು ನಮ್ಮ ಆಂಪ್‌ನ ಫ್ಯೂಸ್ ಕಿತ್ತು ಜೇಬಿಗೆ ಹಾಕ್ಕೊಂಡ್ರು, ಆಮೇಲೆ ಎರಡು ವೈರ್ ಹಿಡಿದು ನಮ್ಮ ಬ್ಯಾಟರಿಗೆ ಮುಟ್ಟಿಸಿದ್ರು. ಎರಡನೇ ಸಲಕ್ಕೆ ಸ್ಟಾರ್ಟ್ ಆಯ್ತು. ಫ್ಯೂಸ್ ವಾಪಸ್ ಕೊಟ್ಟು "ಮನಿ ಮುಟ್ಟೋ ತನಕ ಇದನ್ನ ಹಾಕಬ್ಯಾಡ" ಅಂದ್ರು. ದುಡ್ಡು ಕೊಡಲಿಕ್ಕೆ ಹೋದ್ರೆ ತಗೊಳ್ಳಲಿಲ್ಲ.

ಇಂಜಿನ್ ಓಡ್ತಾ ಇದ್ರೆ ಈ ತೊಂದರೆ ಇಲ್ಲ ಅಂತ ನೀವು ಹೇಳಬಹುದು. ನೋಡಿ. ಸಾಮಾನ್ಯ ಬೈಕುಗಳಲ್ಲಿ ಚಾರ್ಜಿಂಗ್ ಕಾಯಿಲ್ ಕೊಡೋದು ಹೆಚ್ಚುಕಮ್ಮಿ ನೂರರಿಂದ ಇನ್ನೂರು ವ್ಯಾಟ್, ಅದೂ ಆರ್‌ಪಿಎಂ ಏರಿದಾಗ. ಅದರಲ್ಲಿ 2017ರ ಏಪ್ರಿಲ್‌ನಿಂದ ಹಗಲಲ್ಲೂ ಉರಿಯಲೇಬೇಕಾದ ಹೆಡ್‌ಲೈಟ್, ಪೆಟ್ರೋಲ್ ಪಂಪ್, ಇಸಿಯು, ಇಗ್ನಿಶನ್, ಬ್ರೇಕ್ ಲೈಟ್ ಎಲ್ಲ ಕಳೀರಿ. ಉಳಿದದ್ದು ನಿಮ್ಮ ಹಾಡಿಗೆ. ಅಮೆರಿಕದಲ್ಲಿ ಹೈವೇ ಮೇಲೆ ಗೋಲ್ಡ್‌ವಿಂಗ್ ಓಡಿಸೋರು ದೊಡ್ಡ ಆಡಿಯೋ ಹಾಕ್ತಾರೆ, ಸರಿ, ಆ 1800 ಸಿಸಿ ಬೈಕಿನ ಆಲ್ಟರ್ನೇಟರ್ ಸಾವಿರ ವ್ಯಾಟ್ ದಾಟುತ್ತೆ. ಅದರ ವಿಡಿಯೋ ನೋಡಿ ನಮ್ಮ ಬೈಕಿಗೆ ಹಾಕಿದ್ರೆ ಬೇಸ್ ಹೊಡೆದಾಗೆಲ್ಲ ಹೆಡ್‌ಲೈಟ್ ಮಂದ ಆಗುತ್ತೆ. ಘಟ್ಟದ ತಿರುವಲ್ಲಿ, ರಾತ್ರಿ.

ಪರೀಕ್ಷೆ ಮಾಡೋದು ಸುಲಭ. ಮಲ್ಟಿಮೀಟರ್ ತಗೊಳ್ಳಿ (ಲ್ಯಾಬಿಂದ ಕೇಳಿ ತಗೊಳ್ಳಿ, ಕೇಳದೇ ಅಲ್ಲ). ಇಂಜಿನ್ 3000-4000 ಆರ್‌ಪಿಎಂನಲ್ಲಿ, ಹೆಡ್‌ಲೈಟ್ ಹೈ ಬೀಮ್, ಹಾಡು ನೀವು ಕೇಳೋ ಅಷ್ಟು ಜೋರಾಗಿ. ಬ್ಯಾಟರಿ ಮೇಲೆ 13.5ಕ್ಕಿಂತ ಜಾಸ್ತಿ ಇದ್ರೆ ಒಳ್ಳೇದು. 13ಕ್ಕಿಂತ ಕೆಳಗೆ ಬಂದ್ರೆ ನಿಮ್ಮ ಹಾಡು ಬ್ಯಾಟರಿಯನ್ನ ತಿಂತಾ ಇದೆ.

ಇದಕ್ಕೆಲ್ಲ ನನ್ನ ಉತ್ತರ ಚಿಕ್ಕದು. ಒಳ್ಳೆ ಸೆನ್ಸಿಟಿವಿಟಿ ಇರೋ ಎರಡೇ ಸ್ಪೀಕರ್, 4 ಓಮ್. ನಿಜವಾದ 15-20 ವ್ಯಾಟಿನ ಎರಡು ಚಾನಲ್ ಇರೋ ಕ್ಲಾಸ್ ಡಿ ಬೋರ್ಡ್. ಕ್ಲಾಸ್ ಡಿ ಯಾಕಂದ್ರೆ ನೂರಕ್ಕೆ 85ರಷ್ಟು ಕರೆಂಟ್ ಹಾಡಾಗಿ ಬರುತ್ತೆ. ಸ್ಪೀಕರ್ ಹಿಂದೆ ಮುಚ್ಚಿದ ಡಬ್ಬಿ ಇರಲಿ, ಬಯಲಲ್ಲಿ ಬಿಟ್ರೆ ಹಿಂದಿನ ಅಲೆ ಮುಂದಿನ ಅಲೆಯನ್ನ ಹೊಡೆದು ಹಾಕಿ ಬೇಸ್ ಮಾಯ. ಬ್ಯಾಟರಿ ಹತ್ರ 5 ಆಂಪಿಯರ್ ಫ್ಯೂಸ್, ಕೀ ತೆಗೆದ್ರೆ ಬಂದ್ ಆಗೋ ಹಾಗೆ ಒಂದು ರಿಲೇ. ಮತ್ತೆ, ಪೇಪರ್ ಮಿಲ್ ಊರಿನವನಾಗಿ ಹೇಳ್ತೀನಿ, ಪೇಪರ್ ಕೋನ್ ಬೇಡ. ನಮ್ಮ ಕಡೆಯ ಜುಲೈ ಮಳೆಗೆ ಅದು ರದ್ದಿ ಆಗುತ್ತೆ. ಪಾಲಿಪ್ರೊಪಿಲೀನ್ ಕೋನ್ ತಗೊಳ್ಳಿ.

"ಅಷ್ಟರಲ್ಲಿ 80ರ ಸ್ಪೀಡಲ್ಲಿ ಏನು ಕೇಳುತ್ತೆ?" ಅಂತ ನಮ್ಮ ಹುಡುಗ ಕೇಳ್ದ. ಏನೂ ಸರಿಯಾಗಿ ಕೇಳಲ್ಲ. ಆ ಸ್ಪೀಡಲ್ಲಿ ಹೆಲ್ಮೆಟ್ ಒಳಗೆ ಗಾಳಿಯ ಸದ್ದೇ 90 ಡೆಸಿಬೆಲ್ ಹತ್ತಿರ ಇರುತ್ತೆ. ಅದನ್ನ ಮೀರಿಸೋಕೆ ಹೋದ್ರೆ ಕಿವಿ ಹೋಗುತ್ತೆ, ಹಿಂದಿಂದ ಬರೋ ಲಾರಿ ಹಾರ್ನ್ ಕೇಳಲ್ಲ. ಹಳಿಯಾಳ-ದಾಂಡೇಲಿ ರಸ್ತೆಯಲ್ಲಿ ಬಿದಿರು, ಕಟ್ಟಿಗೆ ಹೇರಿಕೊಂಡು ಬರೋ ಲಾರಿಗಳನ್ನ ನೋಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ನಲವತ್ತರಲ್ಲಿ ಹೋಗಿ, ಚೆನ್ನಾಗಿ ಕೇಳುತ್ತೆ.

ಇನ್ನೊಂದು ಲೆಕ್ಕ ಇದೆ, ಇದು ಬೇರೆಯವರ ಕಿವಿಯದು. 1 ಮೀಟರಲ್ಲಿ 102 ಡೆಸಿಬೆಲ್ ಇದ್ರೆ ಬಯಲಲ್ಲಿ 100 ಮೀಟರ್ ದೂರಕ್ಕೆ 62. ಶಬ್ದ ಮಾಲಿನ್ಯದ 2000ದ ನಿಯಮದ ಪ್ರಕಾರ ಮನೆಗಳಿರೋ ಜಾಗದಲ್ಲಿ ಹಗಲಿಗೆ 55, ರಾತ್ರಿಗೆ 45. ಆಸ್ಪತ್ರೆ, ಶಾಲೆಯ ಸುತ್ತ 100 ಮೀಟರ್ ನಿಶ್ಶಬ್ದ ವಲಯ, ಅಲ್ಲಿ 50, 40. ಅಂದ್ರೆ ನಮ್ಮ ಹುಡುಗನ ಕರಕರವೂ ನೂರು ಮೀಟರ್ ಆಚೆ ನಿಯಮ ಮುರೀತಾ ಇದೆ. ಮೀನಿನ ಅಣ್ಣನ ಹಾರ್ನ್ ಇನ್ನೂ ಜಾಸ್ತಿ ಮುರಿಯುತ್ತೆ, ಅದನ್ನ ಮುಚ್ಚಿಡಲ್ಲ. ಆದ್ರೆ ಅವರು ಒಂದು ಓಣಿಯಲ್ಲಿ ಎರಡು ನಿಮಿಷ ಇರ್ತಾರೆ, ಅದರಲ್ಲಿ ಅವರ ಮನೆ ನಡೀಬೇಕು. ನಮ್ಮದು ಯಾವ ಮನೆ ನಡೆಸುತ್ತೆ?

ಕಾಡಿನಲ್ಲಿ ಹಾಡು ಹಾಕೋದನ್ನ ನಾನು ಯಾವ ಲೆಕ್ಕದಲ್ಲೂ ಒಪ್ಪಲ್ಲ, 5 ವ್ಯಾಟ್ ಆದ್ರೂ. ದಾಂಡೇಲಿ ಅಭಯಾರಣ್ಯ, ಅಣಶಿ ರಾಷ್ಟ್ರೀಯ ಉದ್ಯಾನ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶ ಆಯ್ತು, 2015ರಲ್ಲಿ ಅದಕ್ಕೆ ಕಾಳಿ ಅಂತ ಹೆಸರು ಬಂತು. ನಾವು ರೈಡ್ ಹೋಗೋ ರಸ್ತೆ ಅದರೊಳಗೇ ಹಾದು ಹೋಗುತ್ತೆ. ದೊಡ್ಡ ಹಾರ್ನ್‌ಬಿಲ್ ತಲೆ ಮೇಲೆ ಹಾರಿ ಹೋದ್ರೆ ಅದರ ರೆಕ್ಕೆಯ ಸದ್ದು ಕೆಳಗೆ ನಿಂತವರಿಗೆ ಕೇಳುತ್ತೆ, ಭುಸ್ ಭುಸ್ ಅಂತ. ಬೆಂಗಳೂರಿಂದ ಜನ ದುಡ್ಡು ಕೊಟ್ಟು ಬಂದು ಅದನ್ನ ಕೇಳ್ತಾರೆ. ನಾನು ದಾಂಡೇಲಿಯಲ್ಲೇ ಹುಟ್ಟಿ, ಮೊದಲ ಸಲ ಅದನ್ನ ಸರಿಯಾಗಿ ಕೇಳಿದ್ದು ಆವತ್ತು, ಫ್ಯೂಸ್ ನಮ್ಮ ಹುಡುಗನ ಜೇಬಲ್ಲಿದ್ದಾಗ, ಗಣೇಶಗುಡಿಗೆ ಸ್ವಲ್ಪ ಮುಂಚೆ.

ಹೊರಡೋ ಮುಂಚೆ ಆ ಅಣ್ಣನ್ನ ಕೇಳಿದ್ದೆ, ಕಾಡೊಳಗೆ ನೀವು ಹಾರ್ನ್ ಹಾಕ್ತೀರಾ ಅಂತ. ನನ್ನನ್ನ ಹುಚ್ಚನ ಥರ ನೋಡಿದ್ರು. "ಅಡವ್ಯಾಗ ಮೀನ ಯಾರ್ ತಗೋತಾರೋ?"

ನಮ್ಮ ಹುಡುಗ ಜನವರಿಯಲ್ಲಿ ಎರಡು ಸ್ಪೀಕರ್ ಬಿಚ್ಚಿ ನನ್ನ ರೂಮಿಗೆ ಕೊಟ್ಟ. 1000 ವ್ಯಾಟಿನ ಆಂಪ್ ಈಗ ನನ್ನ ಹಾಸ್ಟೆಲ್ ಟೇಬಲ್ ಮೇಲೆ ಹಳೇ ಕಂಪ್ಯೂಟರಿನ ಪವರ್ ಸಪ್ಲೈಗೆ ಹಚ್ಚಿಕೊಂಡು ಕೂತಿದೆ. ಒಂದು ಚಾನಲಿಗೆ ಒಂದೇ ಸ್ಪೀಕರ್, 4 ಓಮ್. ಇಲ್ಲಿವರೆಗೆ ಒಂದು ಸಲವೂ ಬಿಸಿಯಾಗಿಲ್ಲ. ವಾರ್ಡನ್ ಸರ್ ಮಾತ್ರ ಎರಡು ಸಲ ಬಂದು ಹೋಗಿದ್ದಾರೆ.